ಅಗ್ನಿಶಿಖೆ ಅಂಗಳಕ್ಕೆ ಬರಲಿ, ಅಡುಗೆಮನೆಗೆ ಬಾರದಿರಲಿ



ಮುಂಗಾರಿನ ಎರಡು ಹದಮಳೆ ಬಿದ್ದ ಮೇಲೆ ಡೆಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರಂ, ಕೊಳತ್ತೂರು ಕಡೆಯ ಹೊಲದ ಬೇಲಿಗಳನ್ನು ಗಮನಿಸಿದ್ದೀರಾ? ಬೇಸಿಗೆಯಲ್ಲಿ ಒಣ ಮುಳ್ಳಿನ ಹೊರತು ಏನೂ ಕಾಣದಿದ್ದ ಜಾಗದಲ್ಲಿ ಒಂದು ಎಳೆಬಳ್ಳಿ ಎದ್ದು, ತನ್ನ ಎಲೆಯ ತುದಿಯನ್ನೇ ಸುರುಳಿ ಮಾಡಿ ಮುಳ್ಳುಕೊಂಬೆಯನ್ನು ಹಿಡಿದು ಮೇಲೇರುತ್ತದೆ. ಮಳೆಗಾಲ ಮುಗಿಯುವುದರೊಳಗೆ ಬೆಂಕಿ ಹೊತ್ತಿದಂತೆ ಕೆಂಪು ಹಳದಿ ಹೂಗಳು. ಇದೇ ಅಗ್ನಿಶಿಖೆ. ಗೌರಿ ಹಬ್ಬದ ಹೊತ್ತಿಗೆ ಅರಳುವುದರಿಂದ ಕನ್ನಡಿಗರು ಗೌರಿ ಹೂ ಎಂದೂ ಕರೆಯುತ್ತಾರೆ. ನಮ್ಮ ತಮಿಳು ನೆರೆಹೊರೆಯವರಿಗೆ ಇದು ಕಾಂದಳ್. ಗಡ್ಡೆಗೆ ಅವರ ಹೆಸರು ಕಣ್ವಲಿ ಕಿಳಂಗು. ಗಡ್ಡೆ ನೇಗಿಲಿನ ಆಕಾರದಲ್ಲಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ, ತಮಿಳಿನಲ್ಲಿ ಕಲಪ್ಪೈ ಕಿಳಂಗು ಎಂಬ ಹೆಸರುಗಳೂ ಇವೆ. ವಿಜ್ಞಾನಿಗಳು ಇದನ್ನು ಗ್ಲೋರಿಯೋಸಾ ಸುಪರ್ಬಾ ಎನ್ನುತ್ತಾರೆ.

ಇದು ತಮಿಳುನಾಡಿನ ರಾಜ್ಯಪುಷ್ಪ. ಕಪಿಲರು ರಚಿಸಿದ ಕುರಿಂಜಿಪ್ಪಾಟ್ಟು ಎಂಬ ಪ್ರಾಚೀನ ತಮಿಳು ಕಾವ್ಯದಲ್ಲಿ 99 ಹೂಗಳ ಪಟ್ಟಿ ಕಾಂದಳಿನಿಂದಲೇ ಆರಂಭವಾಗುತ್ತದೆ. ಇಷ್ಟು ಹಳೆಯ ಮರ್ಯಾದೆಯುಳ್ಳ ಹೂವನ್ನು ನಮ್ಮ ಅಂಗಳದಲ್ಲಿ ಬೆಳೆಸುವುದು ಹೇಗೆ, ಒಂದರಿಂದ ಹತ್ತು ಮಾಡುವುದು ಹೇಗೆ, ಮತ್ತು ಇದರ ವಿಷದಿಂದ ಮನೆಯವರನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಈ ತಿಂಗಳು ತಿಳಿದುಕೊಳ್ಳೋಣ. ಕೊನೆಯ ಭಾಗವನ್ನು ಮಾತ್ರ ಯಾರೂ ಓದದೆ ಬಿಡಬೇಡಿ.

ಗಡ್ಡೆಯ ಗುಟ್ಟು

ಅಗ್ನಿಶಿಖೆಯ ಬಳ್ಳಿ ಪ್ರತಿ ವರ್ಷ ಸಾಯುತ್ತದೆ, ಗಡ್ಡೆ ಸಾಯುವುದಿಲ್ಲ. ಸರಿಯಾಗಿ ಹೇಳುವುದಾದರೆ, ಹಳೆಯ ಗಡ್ಡೆ ಬಳ್ಳಿಗೆ ಅನ್ನವಾಗಿ ಬತ್ತಿಹೋಗುತ್ತದೆ, ಅದರ ಜಾಗದಲ್ಲಿ ಹೊಸ ಗಡ್ಡೆ ಬೆಳೆದಿರುತ್ತದೆ. ಹೊಸ ಗಡ್ಡೆಗೆ ಸಾಮಾನ್ಯವಾಗಿ ಎರಡು ತೋಳು, ಕವಣೆಯ ಕವೆಯಂತೆ. ಪ್ರತಿ ತೋಳಿನ ತುದಿಯಲ್ಲಿ ಒಂದೇ ಒಂದು ಕಣ್ಣು ಇರುತ್ತದೆ. ಆಲೂಗಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ. ಆದ್ದರಿಂದ ತುದಿ ಮುರಿದರೆ ಆ ತೋಳು ಚಿಗುರುವುದಿಲ್ಲ. ಗಡ್ಡೆ ನೆಟ್ಟೆ, ಬರಲೇ ಇಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಕೀಳುವಾಗಲೋ ಸಾಗಿಸುವಾಗಲೋ ಈ ತುದಿಯನ್ನು ಮುರಿದಿರುತ್ತಾರೆ. ಮೊಟ್ಟೆ ಹಿಡಿದಂತೆ ಹಿಡಿಯಬೇಕು.

ಹೆಚ್ಚಿಸುವ ಸುಲಭದ ದಾರಿಯೂ ಇದರಲ್ಲೇ ಇದೆ. ಎರಡು ತೋಳು ಕೂಡುವ ಕಡೆ ಹರಿತವಾದ ಚಾಕುವಿನಿಂದ ಬೇರ್ಪಡಿಸಿದರೆ ಎರಡು ಗಿಡಗಳಾಗುತ್ತವೆ. ಒಂದೊಂದು ತುಂಡು 50ರಿಂದ 60 ಗ್ರಾಂ ತೂಗಿದರೆ ಅದೇ ವರ್ಷ ಹೂ ನೋಡಬಹುದು. ತೀರಾ ಸಣ್ಣ ಗಡ್ಡೆ ಮೊದಲ ವರ್ಷ ಬರೀ ಎಲೆ ಬಿಟ್ಟು ಮಲಗುತ್ತದೆ. ಬೇಸರಪಡದೆ ಬಿಟ್ಟರೆ ಮುಂದೆ ದಪ್ಪವಾಗುತ್ತದೆ. ಕತ್ತರಿಸಿದ ಗಾಯವನ್ನು ನೆರಳಿನಲ್ಲಿ ಒಂದೆರಡು ದಿನ ಆರಲು ಬಿಡಿ. ಹಸಿ ಗಾಯದೊಂದಿಗೆ ನೆಟ್ಟರೆ ಕೊಳೆಯುತ್ತದೆ.

ನೆಡುವ ಕ್ರಮ

ಜೂನ್, ಜುಲೈ ನೆಡಲು ಸರಿಯಾದ ಕಾಲ. ನೀರು ನಿಲ್ಲದ ಕೆಂಪು ಮಣ್ಣು ಇದಕ್ಕೆ ಬಲು ಇಷ್ಟ. ಅದು ನಮ್ಮ ಎರಡೂ ಜಿಲ್ಲೆಗಳಲ್ಲಿ ಧಾರಾಳವಾಗಿದೆ. ಕಪ್ಪು ಮಣ್ಣಿನವರು ಮರಳು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಏರುಮಡಿ ಮಾಡಿಕೊಳ್ಳಲಿ. ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ ನಾಲ್ಕು ಬೆರಳಿನಷ್ಟು ಸಡಿಲ ಮಣ್ಣು ಹಾಕಿ. ಗಡ್ಡೆಯಿಂದ ಗಡ್ಡೆಗೆ ಒಂದರಿಂದ ಒಂದೂವರೆ ಅಡಿ ಅಂತರವಿರಲಿ. ಮೊಳಕೆ ಬರುವ ತನಕ ಮಣ್ಣು ತೇವವಾಗಿದ್ದರೆ ಸಾಕು, ಕೆಸರಾಗಬಾರದು. ಈ ಗಿಡವನ್ನು ಬರಗಾಲಕ್ಕಿಂತ ಹೆಚ್ಚಾಗಿ ನಿಂತ ನೀರೇ ಕೊಲ್ಲುತ್ತದೆ.

ಎರಡು ಮೂರು ವಾರಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ಕುಡಿ ಹೊರಗೆ ಬರುತ್ತದೆ. ಅವಸರಪಟ್ಟು ಕೆದಕಿ ನೋಡಬೇಡಿ. ಕುಡಿ ಮುರಿದರೆ ಆ ವರ್ಷದ ಹೂ ಹೋದಂತೆಯೇ. ಕೋಳಿಗಳು ಕೆರೆಯುವ ಅಂಗಳವಾದರೆ ಸುತ್ತಲೂ ಮುಳ್ಳುಕೊಂಬೆ ಇಡಿ. ಬಳ್ಳಿ ಒಂದು ಗೇಣು ಬೆಳೆಯುವುದರೊಳಗೆ ಆಸರೆ ಸಿದ್ಧವಿರಬೇಕು. ದಪ್ಪ ಕಂಬ ಇದಕ್ಕೆ ಉಪಯೋಗವಿಲ್ಲ. ಎಲೆಯ ತುದಿ ಹಿಡಿಯುವಷ್ಟು ಸಣ್ಣ ಕಡ್ಡಿಗಳು ಬೇಕು. ಆಳೆತ್ತರದ ಒಣಕೊಂಬೆ ಬಹಳ ಚೆನ್ನಾಗಿ ಒಗ್ಗುತ್ತದೆ. ಮೂಲನೂರು, ಅರವಕುರಿಚ್ಚಿ ಕಡೆ ಎಕರೆಗಟ್ಟಲೆ ಬೆಳೆಯುವ ರೈತರು ಮುಳ್ಳುಕಿಳುವೈ ಎಂಬ ಬೇಲಿಗಿಡವನ್ನು ಸಾಲಾಗಿ ನೆಟ್ಟು, ಅದರ ಮೇಲೆಯೇ ಬಳ್ಳಿ ಹಬ್ಬಿಸುತ್ತಾರೆ.

ಬಿಳಿ ಮತ್ತು ಕೆಂಪು ಚುಕ್ಕೆಗಳಿರುವ ಕಪ್ಪು ಕಂಬಳಿಹುಳು ಬಂದರೆ ಎರಡೇ ದಿನಗಳಲ್ಲಿ ಬಳ್ಳಿಯನ್ನು ಬೋಳಿಸುತ್ತದೆ. ನಾಲ್ಕಾರು ಬಳ್ಳಿಗಳಿರುವ ಮನೆಯಲ್ಲಿ ಔಷಧಿ ಬೇಕಿಲ್ಲ. ಬೆಳಗ್ಗೆ ಸಂಜೆ ಕಡ್ಡಿಯಿಂದ ಬಿಡಿಸಿ ಸೋಪಿನ ನೀರಿಗೆ ಹಾಕಿದರಾಯಿತು.

ಹೂವಿನಿಂದ ಬೀಜ

ಮೊಗ್ಗು ಹಸಿರಾಗಿ ತಲೆ ತಗ್ಗಿಸಿರುತ್ತದೆ. ಅರಳಿದಾಗ ಆರು ಎಸಳುಗಳೂ ಮೇಲಕ್ಕೆ ಮಡಚಿಕೊಂಡು ಮೊದಲು ಹಳದಿ, ಆಮೇಲೆ ಕಡುಗೆಂಪು ಆಗುತ್ತವೆ. ಕೊಯ್ದು ನೀರಿನಲ್ಲಿ ಇಟ್ಟರೆ ಒಂದು ವಾರದವರೆಗೂ ಬಾಡುವುದಿಲ್ಲ. ಸೆಪ್ಟೆಂಬರ್ 8ರ ಮಾತೆಯ ಜನನೋತ್ಸವಕ್ಕೆ ಪೀಠದ ಹೂದಾನಿಗೆ ಕೊಡಲು ಇದಕ್ಕಿಂತ ಚೆಂದದ ಹೂ ನಮ್ಮ ನೆಲದಲ್ಲಿ ಕಡಿಮೆ. ಆದರೆ ಮಕ್ಕಳ ಕೈಯಲ್ಲಿ ಕೊಟ್ಟು ಕಳುಹಿಸಬೇಡಿ.

ಹೂವಿನೊಳಗೆ ಒಂದು ವಿಚಿತ್ರವಿದೆ. ಹೆಣ್ಣುಭಾಗದ ಕಡ್ಡಿ ಬುಡದಲ್ಲೇ ಅಡ್ಡಕ್ಕೆ ತಿರುಗಿ, ಪರಾಗದ ಕಡ್ಡಿಗಳಿಂದ ದೂರ ಚಾಚಿಕೊಂಡಿರುತ್ತದೆ. ತನ್ನ ಪರಾಗ ತನಗೇ ತಗಲದೆ ಬೇರೆ ಹೂವಿನ ಪರಾಗ ಸಿಗಲಿ ಎಂಬ ಏರ್ಪಾಡು ಇದು. ಚಿಟ್ಟೆ, ಜೇನು, ಸೂರಕ್ಕಿ ಕಡಿಮೆಯಿರುವ ಕಡೆ ಕಾಯಿ ಕಚ್ಚುವುದಿಲ್ಲ. ಆದ್ದರಿಂದ ಬೆಳೆಗಾರರು ಬೆಳಗ್ಗೆ 8ರಿಂದ 11 ಗಂಟೆಯೊಳಗೆ ಒಂದು ಹೂವಿನ ಪರಾಗವನ್ನು ಇನ್ನೊಂದು ಬಳ್ಳಿಯ ಹೂವಿನ ಅಡ್ಡಕಡ್ಡಿಯ ತುದಿಗೆ ಕೈಯಾರೆ ಸವರುತ್ತಾರೆ. ಅಂಗಳದಲ್ಲಿ ಬೀಜ ಬೇಕೆನ್ನುವವರು ಹಾಗೆಯೇ ಮಾಡಬಹುದು.

ಕಾಯಿ ಹಸಿರು ಬಣ್ಣ ಕಳೆದುಕೊಂಡು ಸುಕ್ಕಾದಾಗ ಕೊಯ್ದು ನೆರಳಿನಲ್ಲಿ ಒಣಗಿಸಿದರೆ ಒಳಗೆ ಕಿತ್ತಳೆಗೆಂಪಿನ ಬೀಜಗಳು. ಬೀಜದಿಂದ ಗಿಡ ಮಾಡಲು ತಾಳ್ಮೆ ಬೇಕು. ಸಿಪ್ಪೆ ಗಟ್ಟಿ, ಮೊಳಕೆ ಒಂದೇ ಸಲ ಬರುವುದಿಲ್ಲ. ಕೆಲವು ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ. ಸಸಿ ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ಆದರೂ ಹೊಸ ಜಾಗದಲ್ಲಿ ಬಲವಾದ ಸಂತತಿಗೆ ಬೀಜವೇ ದಾರಿ.

ಡಿಸೆಂಬರ್ ಜನವರಿಯಲ್ಲಿ ಎಲೆ ಹಳದಿಯಾದರೆ ರೋಗವೆಂದು ಹೆದರಬೇಡಿ. ಅದು ನಿದ್ದೆಯ ಸಮಯ. ನೀರು ನಿಲ್ಲಿಸಿ. ಬಳ್ಳಿ ಪೂರ್ತಿ ಒಣಗಿದ ಮೇಲೆ ಗಡ್ಡೆಯನ್ನು ಹಾಗೆಯೇ ನೆಲದಲ್ಲಿ ಬಿಡಬಹುದು, ಅಥವಾ ಸುತ್ತಲೂ ದೂರದಿಂದ ಅಗೆದು ತೆಗೆದು ಒಣ ಮರಳಿನಲ್ಲಿ ಇಡಬಹುದು.

ಕಾಡಿನಿಂದ ಕೀಳಬೇಡಿ

ಗಡ್ಡೆಯನ್ನು ಎಲ್ಲಿಂದ ತರಬೇಕು? ಸ್ವಂತ ಹೊಲದ ಬೇಲಿಯಿಂದ, ನೆಂಟರ ತೋಟದಿಂದ, ಬೆಳೆಗಾರರಿಂದ. ಮೇಲಗಿರಿ, ಚಿತ್ತೇರಿ, ಶೇರ್ವರಾಯನ್ ಬೆಟ್ಟಗಳ ಕಾಯ್ದಿಟ್ಟ ಕಾಡಿನಿಂದ ಕಿತ್ತು ತರುವುದು ಕಾನೂನಿಗೆ ವಿರುದ್ಧ. ಕಾನೂನಿನ ಮಾತು ಹಾಗಿರಲಿ, ಔಷಧಕ್ಕಾಗಿ ಗಡ್ಡೆ ಅಗೆದದ್ದರಿಂದಲೇ ಈ ಬಳ್ಳಿ ಎಷ್ಟೋ ಬೆಟ್ಟಗಳಲ್ಲಿ ವಿರಳವಾಗಿದೆ. ಹೂ ಕಿತ್ತರೆ ಮುಂದಿನ ವರ್ಷ ಮತ್ತೆ ಬರುತ್ತದೆ, ಗಡ್ಡೆ ಕಿತ್ತರೆ ಬಾರದು. ನಮ್ಮ ಅಂಗಳದಲ್ಲಿ ನಾಲ್ಕು ಬಳ್ಳಿ ಹೆಚ್ಚಾದರೆ ಕಾಡಿನ ಮೇಲಿನ ಕೈ ಅಷ್ಟು ಕಡಿಮೆಯಾಗುತ್ತದೆ.

ಬೀಜಕ್ಕೆ ಒಳ್ಳೆಯ ಬೆಲೆಯಂತೆ ಎಂದು ಕೇಳಿ ಎಕರೆಗಟ್ಟಲೆ ನೆಡಲು ಹೊರಟವರಿಗೂ ಒಂದು ಮಾತು. ಔಷಧ ತಯಾರಿಕೆಗೆ ಬೀಜ ಹೊರದೇಶಗಳಿಗೂ ಹೋಗುವುದು ನಿಜ. ಆದರೆ ಬೆಲೆ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ, ಗಡ್ಡೆಯ ಬಂಡವಾಳ ದೊಡ್ಡದು, ಕೊಳ್ಳುವವರು ಕೆಲವರೇ. ಸಾಲ ಮಾಡುವ ಮೊದಲು ಬೆಳೆದವರನ್ನು ಕಂಡು ಮಾತಾಡಿ.

ವಿಷದ ವಿಷಯ

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳಬೇಕು. ತೆಗೆದ ಗಡ್ಡೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆವು. ಪಕ್ಕದಲ್ಲೇ ಸಿಹಿಗೆಣಸಿನ ಮಂಕರಿ. ಊರಿನಿಂದ ಬಂದಿದ್ದ ನೆಂಟರ ಹುಡುಗಿ ಸಂಜೆ ಮಕ್ಕಳಿಗೆ ಬೇಯಿಸಿಕೊಡೋಣವೆಂದು ಚೀಲ ಬಿಚ್ಚಿ ನಾಲ್ಕು ಗಡ್ಡೆ ತೊಳೆದೂ ಬಿಟ್ಟಿದ್ದಳು. ಅಜ್ಜಿ ಒಲೆಯ ಮುಂದೆ ಕೂತಿದ್ದುದರಿಂದ ಉಳಿದೆವು. “ಇದು ಗೆಣಸಲ್ಲ ಮಗಳೇ, ಕೈ ತೊಳೆದುಕೋ” ಎಂದು ಪಾತ್ರೆಯನ್ನೇ ಹೊರಗೆ ಇಡಿಸಿದರು. ತಪ್ಪು ಹುಡುಗಿಯದಲ್ಲ, ಅಲ್ಲಿ ಇಟ್ಟ ನಮ್ಮದು. ಅಂದಿನಿಂದ ಗಡ್ಡೆ ಮನೆಯೊಳಗೆ ಬಂದಿಲ್ಲ.

ಈ ಗಿಡದ ಪ್ರತಿ ಭಾಗದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಬೇಯಿಸಿದರೆ ಹೋಗುತ್ತದೆಂದು ನಂಬಬೇಡಿ. ಕಾಲ್ಚಿಸಿನ್ ಜೀವಕೋಶಗಳು ಒಡೆದು ಎರಡಾಗುವುದನ್ನು ತಡೆಯುತ್ತದೆ. ಇದೇ ಗುಣದಿಂದ 1937ರಿಂದ ಸಸ್ಯವಿಜ್ಞಾನಿಗಳು ಹೊಸ ತಳಿಗಳನ್ನು ಮಾಡಲು ಇದನ್ನು ಬಳಸುತ್ತಿದ್ದಾರೆ. ಗೌಟ್ ಎಂಬ ಕೀಲು ಊತಕ್ಕೆ ವೈದ್ಯರು ಕೊಡುವ ಮಾತ್ರೆಯಲ್ಲೂ ಇದೇ ಇದೆ. ಆದರೆ ಆ ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಎರಡು ಸಾವಿರದಲ್ಲಿ ಒಂದು ಪಾಲು. ಒಂದು ಗಡ್ಡೆಯಲ್ಲಿ ಎಷ್ಟಿದೆ ಎಂಬುದನ್ನು ನಾಟಿ ಔಷಧ ಅರೆಯುವ ಯಾವ ಕೈಯೂ ಅಳೆಯಲಾರದು.

ನಮ್ಮ ಮೈಯಲ್ಲಿ ಬೇಗ ಬೇಗ ಹೊಸದಾಗುವ ಕೋಶಗಳಿರುವುದು ಕರುಳಿನ ಒಳಪದರ, ರಕ್ತ ಹುಟ್ಟುವ ಮೂಳೆಯ ಮಜ್ಜೆ, ಕೂದಲಿನ ಬುಡ. ವಿಷ ಹೊಡೆಯುವುದೂ ಅಲ್ಲಿಗೇ. ತಿಂದ ಕೆಲವು ಗಂಟೆಗಳ ನಂತರ ಗಂಟಲು ಉರಿ, ವಾಂತಿ, ಜೋರು ಭೇದಿ. ಕೆಲವೊಮ್ಮೆ ಭೇದಿಯಲ್ಲಿ ರಕ್ತ. ಮರುದಿನ ಅಥವಾ ಅದರ ಮರುದಿನ ಮೂತ್ರಪಿಂಡ, ಹೃದಯ, ಉಸಿರಾಟ ಕುಸಿಯಬಹುದು, ಬಿಳಿ ರಕ್ತಕಣಗಳು ಇಳಿದು ಸೋಂಕು ತಗಲಬಹುದು. ಬದುಕಿ ಉಳಿದವರಿಗೂ ಒಂದೆರಡು ವಾರಗಳಲ್ಲಿ ಕೂದಲು ಉದುರುವುದುಂಟು.

ಆದ್ದರಿಂದ ಈ ಮಾತುಗಳನ್ನು ನೆನಪಿನಲ್ಲಿಡಿ:

1. ಯಾರಾದರೂ ತಿಂದಿದ್ದಾರೆಂಬ ಅನುಮಾನ ಬಂದರೂ ಸಾಕು, ವಾಂತಿ ಆಗಲಿ ನೋಡೋಣ ಎಂದು ಕಾಯಬೇಡಿ. ಮೊದಲ ಗಂಟೆಗಳಲ್ಲಿ ಮಗು ಆರಾಮಾಗಿ ಆಡುತ್ತಿರಬಹುದು, ಅದನ್ನು ನಂಬಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

2. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಗಡ್ಡೆಯದೋ ಬಳ್ಳಿಯದೋ ಒಂದು ತುಂಡನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ, ಕಣ್ವಲಿ ಕಿಳಂಗು ಎಂದು ವೈದ್ಯರಿಗೆ ಹೇಳಿ.

3. ಭೇದಿ ನಿಂತಿತೆಂದು ಒಂದೇ ದಿನಕ್ಕೆ ಹಟ ಮಾಡಿ ಮನೆಗೆ ಬರಬೇಡಿ. ನಿಜವಾದ ಅಪಾಯ ಎರಡನೆಯ, ಮೂರನೆಯ ದಿನ ಇರುತ್ತದೆ.

4. ಹೆರಿಗೆ ಸುಲಭವಾಗಲೆಂದು, ಗರ್ಭ ಇಳಿಯಲೆಂದು, ಹಾವಿನ ವಿಷಕ್ಕೆಂದು ಈ ಗಡ್ಡೆಯನ್ನು ಕೊಡುವ ಹಳೆಯ ರೂಢಿ ಕೆಲವು ಕಡೆ ಇದೆ. ಅದರಿಂದ ತಾಯಂದಿರ ಜೀವವೇ ಹೋಗಬಹುದು. ಹಾವು ಕಚ್ಚಿದವರಿಗೆ ಆಸ್ಪತ್ರೆಯ ಇಂಜೆಕ್ಷನ್ನೇ ಮದ್ದು.

5. ಗಡ್ಡೆ, ಬೀಜಗಳಿಗೆ ಬೇರೆ ಡಬ್ಬಿ, ಮೇಲೆ ಹೆಸರು, ಮನೆಯ ಹೊರಗೆ ಬೀಗ ಹಾಕಿದ ಜಾಗ. ಮನೆಯಲ್ಲಿ ಮನಸ್ಸು ನೊಂದವರು ಯಾರಾದರೂ ಇದ್ದರೆ ಇದನ್ನು ಇಡುವುದೇ ಬೇಡ. ಅವರ ಜೊತೆ ಕೂತು ಮಾತಾಡಿ.

6. ಗಡ್ಡೆ ಮುಟ್ಟುವಾಗ ಕೈಚೀಲ ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಒಣಬಳ್ಳಿಯನ್ನು ದನದ ಮೇವಿಗೆ ಬೆರೆಸದೆ ಗುಂಡಿಗೆ ಹಾಕಿ ಮುಚ್ಚಿ.

ಇಷ್ಟು ಓದಿ ಬೇಡಪ್ಪ ಈ ಗಿಡ ಎನಿಸಿದರೆ, ತೀರಾ ಚಿಕ್ಕ ಮಕ್ಕಳಿರುವ ಮನೆಯವರು ಹಾಗೆಂದುಕೊಳ್ಳುವುದೇ ಸರಿ. ಅವರು ಬೇಲಿಯ ಹೂವನ್ನು ನೋಡಿ ಸಂತೋಷಪಡಲಿ. ಉಳಿದವರು ಈ ಮುಂಗಾರಿಗೆ ಬಾವಿಯಿಂದ, ಅಡುಗೆಮನೆಯಿಂದ ದೂರವಿರುವ ಬೇಲಿಯಂಚಿನಲ್ಲಿ ಎರಡು ಗಡ್ಡೆ ನೆಟ್ಟು, ಮನೆಯ ಮಕ್ಕಳನ್ನು ಕರೆದು ತೋರಿಸಿ ಹೇಳಲಿ: ಇದು ನೋಡುವ ಹೂ, ತಿನ್ನುವ ಗಡ್ಡೆಯಲ್ಲ. ಗೊತ್ತಿದ್ದೂ ಹೇಳದೆ ಬಿಟ್ಟರೆ ತಪ್ಪು ಹಿರಿಯರದೇ. ನಮ್ಮ ಅಜ್ಜಿ ಹೇಳಿದ್ದರಿಂದಲೇ ಅಂದು ನಾವು ಉಳಿದೆವು.