ಕಿಸುವೊಳಲಿನ ಗಂಧರ್ವರು

ಸಹ್ಯಾದ್ರಿಯ ಕಣಕುಂಬಿಯಲ್ಲಿ ಜನಿಸಿ ಮೂಡಣಕ್ಕೆ ಹರಿದುಬರುವ ಮಲಪ್ರಭೆಯು, ಬಾದಾಮಿ ಸೀಮೆಯ ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ದಾರಿ ಮಾಡಿಕೊಂಡು ಬಂದು, ಪಟ್ಟದಕಲ್ಲಿನ ಬಳಿಯಲ್ಲಿ ಬಡಗಣ ದಿಕ್ಕಿಗೆ ತಿರುಗುತ್ತದೆ. ಉತ್ತರವಾಹಿನಿಯಾದ ನದಿಯ ತೀರವು ಪವಿತ್ರವೆಂಬ ನಂಬಿಕೆ ಪುರಾತನವಾದುದು. ವಾತಾಪಿಯ, ಅಂದರೆ ಬಾದಾಮಿಯ, ಚಾಲುಕ್ಯರು ತಮ್ಮ ರಾಜಧಾನಿಯನ್ನು ಬಿಟ್ಟು, ಅಲ್ಲಿಂದ ಇಪ್ಪತ್ತೆರಡು ಕಿಲೋಮೀಟರು ದೂರದ ಈ ಊರನ್ನು, ಅಂದಿನ ಕಿಸುವೊಳಲನ್ನು, ಪಟ್ಟಾಭಿಷೇಕದ ಸ್ಥಾನವಾಗಿ ಆರಿಸಿಕೊಂಡುದಕ್ಕೆ ಆ ನಂಬಿಕೆಯೂ ಕಾರಣವಾಗಿರಬೇಕು. ಈಗಿನ ಪಟ್ಟದಕಲ್ಲು ಬಾಗಲಕೋಟೆ ಜಿಲ್ಲೆಯ ಒಂದು ಸಾಧಾರಣ ಹಳ್ಳಿ. ಸುತ್ತಲೂ ಜೋಳ, ಕಡಲೆ, ಸೂರ್ಯಕಾಂತಿಯ ಹೊಲಗಳು. ಊರ ಮಗ್ಗುಲಲ್ಲಿಯೇ, ಹುಲ್ಲುಹಾಸಿನ ಆವರಣದೊಳಗೆ, ನಾಗರ ಶಿಖರಗಳೂ ದ್ರಾವಿಡ ವಿಮಾನಗಳೂ ಒಂದರ ಪಕ್ಕದಲ್ಲಿ ಒಂದು ನಿಂತಿರುವ ಆ ಪ್ರಸಿದ್ಧ ದೇಗುಲಗಳ ಸಮೂಹ. 1987ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಚಳಿಗಾಲದ ಕೊನೆಯಲ್ಲಿ, ಸಾಮಾನ್ಯವಾಗಿ ಜನವರಿ ಇಲ್ಲವೆ ಫೆಬ್ರವರಿ ತಿಂಗಳಿನಲ್ಲಿ, ಸರ್ಕಾರದ ವತಿಯಿಂದ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಚಾಲುಕ್ಯ ಉತ್ಸವವು ಜರುಗುತ್ತದೆ. ವರುಷವೂ ತಪ್ಪದೆ ಜರುಗುತ್ತದೆಯೆಂದು ಹೇಳುವ ಹಾಗಿಲ್ಲ. ಒಂದು ವರ್ಷ ಬರಗಾಲ, ಮತ್ತೊಂದು ವರ್ಷ ನೆರೆ, ಇನ್ನೊಮ್ಮೆ ಚುನಾವಣೆ, ಹೀಗೆ ನಿಲ್ಲುವುದಕ್ಕೆ ಅದಕ್ಕೆ ಎಂದೂ ಕಾರಣಗಳ ಕೊರತೆಯಾದುದಿಲ್ಲ. ಆದರೆ ನಡೆದ ವರ್ಷ, ಭರತನಾಟ್ಯ, ಒಡಿಸ್ಸಿ, ಕಥಕ್, ಕೂಚಿಪುಡಿಗಳ ಕಲಾವಿದರು ದೇಶದ ನಾನಾ ಭಾಗಗಳಿಂದ ಬಂದು ಈ ದೇಗುಲಗಳ ಸಮ್ಮುಖದಲ್ಲಿ ಗೆಜ್ಜೆ ಕಟ್ಟುವುದನ್ನು ನೋಡುವುದಕ್ಕೆ ಹೋಗಿ ಬಂದವನು, ಖಜುರಾಹೊ, ಕೊನಾರ್ಕಗಳ ಹೆಚ್ಚು ಖ್ಯಾತವಾದ ಉತ್ಸವಗಳಲ್ಲಿ ದೊರೆಯದ ಒಂದು ವಿಶೇಷವನ್ನು ಇಲ್ಲಿ ಕಾಣುತ್ತಾನೆ. ಅಲ್ಲಿ ಕುಣಿಯುವ ಹೆಂಗಳೆಯರು ಶಿಲೆಯಲ್ಲಿ ರೂಪವಾಗಿ ನಿಂತಿದ್ದಾರೆ. ಇಲ್ಲಿಯಾದರೋ ರೂಪದೊಡನೆ ಹೆಸರುಗಳೂ ಉಳಿದಿವೆ. ಆದುದರಿಂದ ಸಂಜೆಯ ನೃತ್ಯಕ್ಕೆ ಬರುವ ರಸಿಕನು ಬೆಳಗಿನಲ್ಲಿಯೇ ಬಂದು, ವಿರೂಪಾಕ್ಷನ ಬಾಗಿಲಿನಿಂದ ತನ್ನ ನೋಟವನ್ನು ಆರಂಭಿಸುವುದು ಉಚಿತವೆಂದು ನನ್ನ ಅಭಿಪ್ರಾಯ.

ವಿರೂಪಾಕ್ಷನ ಮೊದಲ ಹೆಸರು ಲೋಕೇಶ್ವರ. ಎರಡನೆಯ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದು, ಗೆದ್ದ ನಗರವನ್ನು ಸೂರೆಮಾಡದೆ ಅಲ್ಲಿಯ ದೇಗುಲದ ಐಶ್ವರ್ಯವನ್ನು ದೇವರಿಗೇ ಹಿಂದಿರುಗಿಸಿ, ಆ ಸಂಗತಿಯನ್ನು ಕಂಚಿಯ ಕೈಲಾಸನಾಥನ ಗುಡಿಯಲ್ಲಿ ಕನ್ನಡದಲ್ಲಿಯೇ ಬರೆಯಿಸಿ ಬಂದನಷ್ಟೆ. ಆ ವಿಜಯದ ಸ್ಮರಣೆಗಾಗಿ ಅವನ ರಾಣಿಯರಾದ, ಹೈಹಯ ವಂಶದ ಅಕ್ಕತಂಗಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿಯರು ಕ್ರಿ.ಶ. 740ರ ಸುಮಾರಿನಲ್ಲಿ ವಿರೂಪಾಕ್ಷ, ಮಲ್ಲಿಕಾರ್ಜುನ ದೇಗುಲಗಳನ್ನು ಕಟ್ಟಿಸಿದರು. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಕೊಟ್ಟುದು, ಸರ್ವಸಿದ್ಧಿ ಆಚಾರಿಯ ಸ್ತುತಿ, ಇವೆಲ್ಲವೂ ಶಾಸನಸ್ಥವಾಗಿವೆ. ರಾಜರ ಹೆಸರು ಕಲ್ಲಿನಲ್ಲಿರುವುದು ಎಲ್ಲಿಯೂ ಉಂಟು. ಉಳಿ ಹಿಡಿದವರ ಹೆಸರು ಹೀಗೆ ಆದರದಿಂದ ಬರೆಯಲ್ಪಟ್ಟಿರುವುದು ಅಪರೂಪ.

ಅದಕ್ಕಿಂತಲೂ ಅಪರೂಪವಾದುದು ಮುಂದಿದೆ. ವಿಕ್ರಮಾದಿತ್ಯನ ತಂದೆಯಾದ ವಿಜಯಾದಿತ್ಯನು ಇಲ್ಲಿಯ ಗಂಧರ್ವರಿಗೆ, ಅಂದರೆ ಗಾಯಕರಿಗೆ, ಕೊಟ್ಟಿದ್ದ ಮರ್ಯಾದೆಗಳನ್ನು ಅವನ ಸೊಸೆಯಾದ ಲೋಕಮಹಾದೇವಿಯು ಸ್ಥಿರಪಡಿಸಿದಳೆಂದು ಒಂದು ಶಾಸನ ಹೇಳುತ್ತದೆ. ಅಳಿಯದೆ ಉಳಿದಿರುವ ಆ ಕೆಲವೇ ಸಾಲುಗಳನ್ನು ಓದಿದಾಗ, ಹಾಡುವವರ ಹಕ್ಕು ಎಂಬುದೊಂದಿತ್ತು, ಅರಸನ ಕಾಲ ಮುಗಿದ ಮೇಲೆ ಅದು ಅಳಿಯುವ ಭಯವೂ ಇತ್ತು, ರಾಣಿಯೊಬ್ಬಳು ಮುಂದೆ ಬಂದು ಅದನ್ನು ಕಲ್ಲಿಗೆ ಏರಿಸುವಷ್ಟು ಅವರ ಬಿನ್ನಪಕ್ಕೆ ಬೆಲೆಯೂ ಇತ್ತು ಎಂಬ ಮೂರು ಸಂಗತಿಗಳು ಒಟ್ಟಿಗೆ ಹೊಳೆಯುತ್ತವೆ. ಇಲ್ಲಿಯ ಕಂಬವೊಂದರಲ್ಲಿ ಅಚಲನೆಂಬ ನಟನ ಪ್ರಶಸ್ತಿಯೂ ಇದೆ. ಭರತನ ಮತವನ್ನು ಅನುಸರಿಸಿದ ಅವನ ವಾಕ್ಚಾತುರ್ಯವೆಂಬ ಸಿಡಿಲು ಎರಗಿ, ಗರ್ವದಿಂದ ತಲೆಯೆತ್ತಿದ ಇತರ ನಟರೆಂಬ ಪರ್ವತಗಳು ಭಗ್ನವಾದುವೆಂಬುದು ಅದರ ಸಾರಾಂಶ. ಎಂಟನೆಯ ಶತಮಾನದ ಸುಮಾರಿಗೆ ಭರತನ ನಾಟ್ಯಶಾಸ್ತ್ರವು ಈ ನದೀತೀರದಲ್ಲಿ ಗ್ರಂಥವಾಗಿ ಮಾತ್ರವಲ್ಲದೆ, ಪಕ್ಷ ಪ್ರತಿಪಕ್ಷಗಳಿಂದ ಕೂಡಿದ ಜೀವಂತ ವೃತ್ತಿಯಾಗಿ ಇತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ನಟರ ಪರಸ್ಪರ ಮಾತ್ಸರ್ಯವೂ ಆಗಲೇ ಪಕ್ವವಾಗಿತ್ತೆಂದು ಯಾರಾದರೂ ನಕ್ಕರೆ ಅದೂ ಸಲ್ಲುವ ಮಾತೇ.

ನರ್ತಕಿಯರೂ ಅನಾಮಿಕರಾಗಿ ಹೋಗಿಲ್ಲ. ರಾಷ್ಟ್ರಕೂಟ ಧ್ರುವನ ಕಾಲದಲ್ಲಿ ದೇಗುಲದ ಸೇವೆಯವಳಾದ ಬಾದಿಪೊದ್ದಿಯೆಂಬಾಕೆ ಇಲ್ಲಿ ದಾನಗಳನ್ನು ಮಾಡಿದ್ದಾಳೆ. ಬಾದಾಮಿಯಿಂದ ಬರುವ ದಾರಿಯ ಮಗ್ಗುಲಿನ ಮಹಾಕೂಟದಲ್ಲಿ, ವಿಜಯಾದಿತ್ಯನ ಪ್ರಾಣವಲ್ಲಭೆಯೆಂದು ತನ್ನನ್ನು ಕರೆದುಕೊಂಡ ವಿನಾಪೋಟಿಯು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಅರ್ಪಿಸಿದಳು. ತನ್ನ ತಾಯಿಯ ಹೆಸರನ್ನೂ ಅಜ್ಜಿಯ ಹೆಸರನ್ನೂ ಶಾಸನದಲ್ಲಿ ಹೇಳಿಸಿದಳು. ಈ ಸ್ತ್ರೀಯರ ಐಶ್ವರ್ಯವನ್ನು ಕಂಡು ಅವರ ಬಾಳೆಲ್ಲ ಬೆಳ್ಳಿಯ ಕೊಡೆಯ ನೆರಳೆಂದು ಬಗೆಯುವುದು ಸರಿಯಲ್ಲ. ಕಾಲಾಂತರದಲ್ಲಿ ದೇವದಾಸಿ ಪದ್ಧತಿಯು ಬಡವರ ಹೆಣ್ಣುಮಕ್ಕಳ ಪಾಲಿಗೆ ಏನಾಯಿತೆಂಬುದನ್ನು ಬಾಗಲಕೋಟೆ, ಬೆಳಗಾವಿ, ವಿಜಯಪುರ ಸೀಮೆಯವರಿಗೆ ಯಾರೂ ಹೇಳಬೇಕಾದುದಿಲ್ಲ. ಈ ಪ್ರದೇಶವು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ಅದರ ವಿರುದ್ಧ ಕಾನೂನಾಯಿತು. 1982ರಲ್ಲಿ ಕರ್ನಾಟಕವು ಮತ್ತೆ ಕಾನೂನು ಮಾಡಬೇಕಾಗಿ ಬಂತು. ಇಂದು ವೇದಿಕೆಯ ಮೇಲೆ ನರ್ತಿಸುವ ತರುಣಿಯರಲ್ಲಿ ಬಹುಮಂದಿ ನಗರಗಳ ಶಿಕ್ಷಿತ ಕುಟುಂಬಗಳಿಂದ ಬಂದವರು. ಕಲೆಯು ಒಂದು ಮನೆಯಿಂದ ಮತ್ತೊಂದು ಮನೆಗೆ ಹೋದುದರಲ್ಲಿ ಬಿಡುಗಡೆಯೂ ಉಂಟು, ನಷ್ಟವೂ ಉಂಟು. ಉತ್ಸವದ ಸ್ವಾಗತ ಭಾಷಣಗಳಲ್ಲಿ ಎರಡರ ಮಾತೂ ಬರುವುದಿಲ್ಲ.

ಭಾಷಣಗಳ ಮಾತು ಬಂದುದರಿಂದ ಅದನ್ನೂ ಹೇಳಿಬಿಡಬೇಕು. ಸಭಾಕಾರ್ಯಕ್ರಮವು ದೀರ್ಘವಾದಷ್ಟೂ ನೃತ್ಯವು ಹ್ರಸ್ವವಾಗುತ್ತದೆ. ದೀಪ ಬೆಳಗುವವರ, ಹಾರ ಹಾಕಿಸಿಕೊಳ್ಳುವವರ ಸರದಿ ಮುಗಿಯುವ ವೇಳೆಗೆ ಚಳಿ ಇಳಿದಿರುತ್ತದೆ. ಬಣ್ಣ ಹಚ್ಚಿಕೊಂಡು ಕುಳಿತ ಕಲಾವಿದರ ಮೈಯ ಕಾವು ಆರಿರುತ್ತದೆ. ರಾತ್ರಿ ಚಲನಚಿತ್ರಗೀತೆಗಳ ರಸಮಂಜರಿಯಿರುವ ದಿನವಂತೂ, ತಿಲ್ಲಾನವು ಮುಗಿಯುವುದನ್ನು ಕಾಯುವ ಜನರ ಅಸಹನೆ ಹಿಂದಿನ ಸಾಲುಗಳಿಂದ ಕೇಳಿಬರುತ್ತದೆ. ಮರಳುಗಲ್ಲಿನ ವಿಮಾನಗಳ ಮೇಲೆ ನೇರಳೆ, ಹಸಿರು ಬೆಳಕನ್ನು ಎರಚುವ ಚಪಲವೂ ನನಗೆ ಸಹ್ಯವಲ್ಲ. ಸೂರ್ಯಾಸ್ತದ ಅರ್ಧ ಗಂಟೆಯಲ್ಲಿ ಆ ಕಲ್ಲು ತಾನಾಗಿಯೇ ತಾಳುವ ಕುಂಕುಮವರ್ಣವನ್ನು ನೋಡಿದವರು ಅದಕ್ಕೆ ಬೇರೆ ಬಣ್ಣ ಬಳಿಯಲಾರರು.

ಹಾಗೆಂದು ಉತ್ಸವದ ಸೊಗಸು ಕುಂದುವುದಿಲ್ಲ. ರಕ್ಷಿತ ಸ್ಮಾರಕದ ಸುತ್ತ ನೂರು ಮೀಟರುಗಳೊಳಗೆ ಏನನ್ನೂ ಕಟ್ಟಬಾರದೆಂಬ ಕಾನೂನಿನ ಕಾಲದಲ್ಲಿ, ವೇದಿಕೆಯು ದೇಗುಲಗಳಿಂದ ದೂರ ಸರಿಯುವುದು ಅನಿವಾರ್ಯ. ಹಲಗೆ ಹಾಸಿದ ಆ ತಾತ್ಕಾಲಿಕ ರಂಗದ ಮೇಲೆ ಮಧ್ಯಾಹ್ನದ ಹೊತ್ತಿಗೆ ನಡೆಯುವ ತಾಲೀಮನ್ನು ನೋಡುವುದು, ನನ್ನ ಮಟ್ಟಿಗೆ, ಸಂಜೆಯ ಪ್ರದರ್ಶನಕ್ಕಿಂತಲೂ ಹೃದ್ಯ. ಅಲಂಕಾರವಿಲ್ಲದೆ, ಹತ್ತಿಯ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ ನರ್ತಕಿಯೊಬ್ಬಳು ಮೊದಲು ಹಲಗೆಗಳ ಸಂದಿಯನ್ನು ಅಂಗಾಲಿನಿಂದ ತಡವಿ, ಎಲ್ಲಿ ಮೊಳೆ ಮೇಲೆದ್ದಿದೆ, ಎಲ್ಲಿ ಹಲಗೆ ಟೊಳ್ಳಾಗಿ ಸದ್ದುಮಾಡುತ್ತದೆ ಎಂಬುದನ್ನು ಗುರುತಿಟ್ಟುಕೊಳ್ಳುತ್ತಾಳೆ; ಬಡಗಿಯನ್ನು ಕರೆದು ಎರಡು ಮೊಳೆಗಳನ್ನು ಹೊಡೆಯಿಸುತ್ತಾಳೆ; ಆಮೇಲೆ ಅರೆಮಂಡಿಯಲ್ಲಿ ಕುಳಿತು ಮೂರು ಕಾಲದಲ್ಲಿ ತಟ್ಟಡವು ಹಾಕುತ್ತಾಳೆ. ಪಕ್ಕದಲ್ಲಿ ಗುರುಗಳು ತಾಳದಿಂದ ನಟುವಾಂಗ ಹೇಳುತ್ತ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳ ಮೊಣಕಾಲುಗಳನ್ನೇ ನೋಡುತ್ತಿರುತ್ತಾರೆ. ಅಲ್ಲಿಂದೆದ್ದು ಜಂಬುಲಿಂಗ ದೇಗುಲದ ಬಳಿಗೆ ಬಂದು ಶುಕನಾಸದತ್ತ ತಲೆಯೆತ್ತಿದರೆ, ಪಾರ್ವತಿಯೂ ನಂದಿಯೂ ನೋಡುತ್ತಿರಲು ಶಿವನು ಅದೇ ಬಾಗಿದ ಮಂಡಿಗಳಿಂದ ನರ್ತಿಸುತ್ತಿದ್ದಾನೆ. ಬಾದಾಮಿಯ ಮೊದಲನೆಯ ಗುಹೆಯ ಹದಿನೆಂಟು ತೋಳುಗಳ ನಟರಾಜನನ್ನೂ, ಐಹೊಳೆಯ ರಾವಣಫಡಿಯಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವನನ್ನೂ ಹಿಂದಿನ ದಿನವೇ ನೋಡಿ ಬಂದವರಿಗೆ ಈ ಸಾಮ್ಯವು ಇನ್ನೂ ಸ್ಪಷ್ಟವಾಗುತ್ತದೆ.

ಪ್ರೇಕ್ಷಕರ ವಿಷಯದಲ್ಲಿ ಪಟ್ಟಣಿಗರ ತಾತ್ಸಾರವೊಂದಿದೆ: ಹಳ್ಳಿಯವರಿಗೆ ಶಾಸ್ತ್ರೀಯ ನೃತ್ಯ ಅರ್ಥವಾಗದೆಂದು. ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜಮಖಾನೆಯ ಮೇಲೆ ಕುಳಿತ ಅಜ್ಜಿಯರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಆ ಭ್ರಮೆ ಹೋಗುತ್ತದೆ. ಬನದ ಹುಣ್ಣಿಮೆಗೆ ಆರಂಭವಾಗುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ವಾರಗಟ್ಟಲೆ ಬೀಡುಬಿಡುವ ನಾಟಕ ಕಂಪನಿಗಳ ಆಟಗಳನ್ನು ಬೆಳಗಿನ ಜಾವದವರೆಗೆ ನೋಡಿ ಬೆಳೆದ ಜನ ಇವರು. ಮುಖಾಭಿನಯದ ಎಳೆ ತಪ್ಪಿದರೆ ಇವರಿಗೆ ಕೂಡಲೇ ತಿಳಿಯುತ್ತದೆ. ಶುದ್ಧ ನೃತ್ತದ ಜತಿಗಳಿಗೆ ಸುಮ್ಮನಿದ್ದವರು, ದ್ರೌಪದಿಯ ಪ್ರಸಂಗ ಬಂದೊಡನೆ ಮುಂದಕ್ಕೆ ಸರಿಯುತ್ತಾರೆ. ಒಮ್ಮೆ ಹೀಗೆ, ದುಶ್ಶಾಸನನ ಕೈ ಸೆರಗಿಗೆ ಬಂದಾಗ, ನನ್ನ ಬದಿಯಲ್ಲಿದ್ದ ಮುದುಕಿ “ಕೈ ಮುರೀಲಿ ನಿಂದು!” ಎಂದು ಗಟ್ಟಿಯಾಗಿ ಶಪಿಸಿದಳು, ಮುಂದಿನ ಕುರ್ಚಿಗಳಲ್ಲಿದ್ದ ಆಹ್ವಾನಿತರು ತಿರುಗಿ ನೋಡಿದರು. ಅಚಲನಂಥ ನಟನು ಬಯಸಿದ್ದು ಇಂಥ ಪ್ರೇಕ್ಷಕಿಯನ್ನೇ ಇರಬೇಕು.

ಹೋಗುವವರಿಗೆ ಎರಡು ಮಾತು. ಬಾದಾಮಿಯವರೆಗೆ ರೈಲು ಉಂಟು. ಅಲ್ಲಿಂದ ಪಟ್ಟದಕಲ್ಲಿಗೆ ಬಸ್ಸು, ಟಂಟಂಗಳು ಸಿಗುತ್ತವೆ. ವಸತಿಯನ್ನು ಬಾದಾಮಿಯಲ್ಲಿಯೇ ಮಾಡಿಕೊಳ್ಳುವುದು ಲೇಸು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ದೇಗುಲಗಳ ಆವರಣವನ್ನೇ ಹೊಕ್ಕಿತ್ತಾದುದರಿಂದ ಮಳೆಗಾಲದ ಪ್ರಯಾಣದಲ್ಲಿ ನದಿಯ ಸುದ್ದಿಯನ್ನು ವಿಚಾರಿಸಿಕೊಂಡು ಹೊರಡಬೇಕು. ಉತ್ಸವದ ದಿನಾಂಕವು ತೀರ ಸಮೀಪಿಸಿದ ಮೇಲೆ ಪ್ರಕಟವಾಗುವುದೂ ಉಂಟು, ಪ್ರಕಟವಾಗದೆಯೇ ಹೋಗುವುದೂ ಉಂಟು. ಅಂಥ ವರ್ಷ ಹಿಂಜರಿಯದೆ ಬನದ ಹುಣ್ಣಿಮೆಗೆ ಬಾದಾಮಿಗೆ ಹೋಗಿ, ಹಗಲು ಪಟ್ಟದಕಲ್ಲಿನ ಶಾಸನಗಳನ್ನು ನೋಡಿಕೊಂಡು, ಜಾತ್ರೆಯಲ್ಲಿ ಬುಟ್ಟಿ ಹೊತ್ತ ಹೆಂಗಸರು ಮಾರುವ ಜೋಳದ ರೊಟ್ಟಿ, ಕೆಂಪು ಚಟ್ನಿ, ಮಡಕೆಯ ಮೊಸರನ್ನು ಉಂಡು, ರಾತ್ರಿ ಯಾವುದಾದರೊಂದು ಕಂಪನಿಯ ಟಿಕೇಟು ಕೊಳ್ಳಬಹುದು. ಸರ್ಕಾರದ ಆದೇಶವನ್ನು ಕಾಯದ ಉತ್ಸವ ಅದು.