ಘಟಪ್ರಭೆಯ ದಂಡೆಯಲ್ಲಿ ಎಂಜಿನ್ನಿನ ನೀರಡಿಕೆ

ಸಹ್ಯಾದ್ರಿಯಲ್ಲಿ ಹುಟ್ಟಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವನ್ನು ತುಂಬಿ, ಧೂಪದಾಳದ ಒಡ್ಡಿನ ಬಳಿ ಕಾಲುವೆಗೆ ತನ್ನ ಪಾಲನ್ನಿತ್ತು, ಗೋಕಾಕದ ಬಂಡೆಗಳ ಮೇಲಿಂದ 52 ಮೀಟರ್ ಕೆಳಕ್ಕೆ ಧುಮುಕಿ, ಅನಂತರ ಕಬ್ಬಿನ ಬಯಲುಗಳ ನಡುವೆ ಮಂದಗತಿಯಿಂದ ಸಾಗುವ ಘಟಪ್ರಭೆಯ ನೆರೆಯಲ್ಲಿರುವ ಮಸಗುಪ್ಪಿಯಂಥ ಊರಿನಲ್ಲಿ, ಬೇಸಿಗೆಯ ಕೆಲವು ವಾರಗಳನ್ನುಳಿದು, ಬಿಸಿಯೇರಿ ನಿಂತ ಗಾಡಿಗೆ ಒಂದು ಕೊಡ ನೀರನ್ನು ಕೇಳಿದವನಿಗೆ ಇಲ್ಲವೆನ್ನುವವರಿಲ್ಲ. ಹೊಳೆಯ ನೀರಿದೆ, ಕಾಲುವೆಯ ನೀರಿದೆ, ಬೋರಿಂಗಿನ ನೀರಿದೆ. ಆದರೂ ಇವುಗಳಲ್ಲಿ ಒಂದಾದರೂ ಎಂಜಿನ್ನಿಗೆ ಯೋಗ್ಯವಾದುದಲ್ಲ. ರೇಡಿಯೇಟರ್ ಕೆಟ್ಟಿತೆಂದು ಹೊಸದನ್ನು ಕೊಳ್ಳಹೊರಡುವವನು ಮೊಟ್ಟಮೊದಲು ಮನಗಾಣತಕ್ಕ ಸಂಗತಿ ಇದು: ರೇಡಿಯೇಟರಿನ ಆಯ್ಕೆಯೂ ಅದರೊಳಗೆ ತುಂಬುವ ದ್ರವದ ಆಯ್ಕೆಯೂ ಎರಡು ಪ್ರತ್ಯೇಕ ಕಾರ್ಯಗಳಲ್ಲ, ಲೋಹವನ್ನು ಅರಿಯದೆ ಕೂಲಂಟನ್ನೂ, ನೀರನ್ನು ಅರಿಯದೆ ಲೋಹದ ಆಯುಷ್ಯವನ್ನೂ ನಿರ್ಧರಿಸಲು ಬರುವುದಿಲ್ಲ.

ಈ ಸೀಮೆಯ ರಸ್ತೆಗಳು ರೇಡಿಯೇಟರಿನ ಸತ್ತ್ವವನ್ನು ಪರೀಕ್ಷಿಸುವ ಬಗೆ ವಿಶಿಷ್ಟವಾದುದು. ಕಬ್ಬು ನುರಿಸುವ ಹಂಗಾಮಿನಲ್ಲಿ, ಎರಡೆರಡು ಟ್ರೇಲರುಗಳನ್ನೆಳೆದುಕೊಂಡು ಕಾರ್ಖಾನೆಯತ್ತ ತೆವಳುವ ಟ್ರ್ಯಾಕ್ಟರುಗಳ ಹಿಂದೆ ಎರಡನೆಯ ಗೇರಿನಲ್ಲಿಯೇ ಮೈಲುಗಟ್ಟಲೆ ಸಾಗಬೇಕಾದ ಕಾರಿಗೆ ಎದುರುಗಾಳಿಯ ನೆರವಿಲ್ಲ, ಫ್ಯಾನೊಂದೇ ಆಧಾರ. ಆ ಹೇರಿನಿಂದ ಉದುರಿದ ರವದಿಯ ಚೂರುಗಳೂ ಧೂಳೂ ರೇಡಿಯೇಟರಿನ ಸೂಕ್ಷ್ಮವಾದ ರೆಕ್ಕೆಗಳ ನಡುವೆ ಸೇರಿ, ಗಾಳಿಯ ದಾರಿಯನ್ನು ಮುಚ್ಚುತ್ತವೆ. 2019ರ ಆಗಸ್ಟಿನ ಮಹಾಪೂರದಂಥ ನೆರೆಯಲ್ಲಿ ಮುಳುಗೆದ್ದ ಗಾಡಿಗಳಲ್ಲಿ ಇದೇ ಕೆಲಸವನ್ನು ಒಣಗಿದ ಕೆಸರು ಮಾಡುತ್ತದೆ. ಇನ್ನು ಹತ್ತರಗಿಯ ಕಡೆಯಿಂದ ಹೆದ್ದಾರಿ ಹಿಡಿದು ಬೆಳಗಾವಿಗೆ ಹೊರಟವರಿಗೆ ವಂಟಮುರಿ ಘಾಟಿನ ಏರು ಇದ್ದೇ ಇದೆ. ಬಯಲಿನಲ್ಲಿ ಅಡಗಿದ್ದ ದೋಷವು ಅಲ್ಲಿ ಉಷ್ಣಮಾಪಕದ ಮುಳ್ಳಿನ ರೂಪದಲ್ಲಿ ಪ್ರಕಟವಾಗುತ್ತದೆ.

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಲನೆಗೆ ಒದಗಿ, ಇನ್ನೊಂದು ಭಾಗ ಹೊಗೆಯೊಡನೆ ಹೋಗಿ, ಉಳಿದ ಭಾಗವು ತಂಪುಗೊಳಿಸುವ ದ್ರವದ ಪಾಲಿಗೆ ಬರುತ್ತದೆ. ಮೊದಲ ಮೋಟಾರುಗಳು ನೀರನ್ನು ಆವಿಯಾಗಿಸಿ ಕಳೆದುಕೊಳ್ಳುತ್ತಲೇ ಈ ಹೊರೆಯನ್ನು ನಿವಾರಿಸುತ್ತಿದ್ದವು. ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ರೂಪಿಸಿದ ಜೇನುಗೂಡಿನಾಕಾರದ ರೇಡಿಯೇಟರು 1901ರ ಮರ್ಸಿಡಿಸ್ ಗಾಡಿಯಲ್ಲಿ ಬಂದ ಮೇಲೆ, ಅಲ್ಪ ನೀರಿನಿಂದ ಅಧಿಕ ಉಷ್ಣವನ್ನು ಗಾಳಿಗೆ ಒಪ್ಪಿಸುವ ಮಾರ್ಗವು ಸುಗಮವಾಯಿತು. ಇಂದಿನ ಗಾಡಿಗಳಲ್ಲಿ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೆರೆದು ದ್ರವವನ್ನು ರೇಡಿಯೇಟರಿಗೆ ಬಿಡುತ್ತದೆ; ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲಕ್ಕೇರಿಸುತ್ತದೆ. ಆದಕಾರಣವೇ ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ತೆರೆಯುವುದು ಪ್ರಾಣಾಪಾಯಕರ. ಒತ್ತಡ ತಪ್ಪಿದೊಡನೆ ಒಳಗಿನ ದ್ರವವೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬಿಸಿಯೇರಿತೆಂಬ ಒಂದೇ ಕಾರಣದಿಂದ ರೇಡಿಯೇಟರನ್ನು ದೋಷಿಯೆಂದು ತೀರ್ಮಾನಿಸತಕ್ಕುದಲ್ಲ. ಒತ್ತಡ ಹಿಡಿಯದ ಮುಚ್ಚಳ, ತೆರೆಯದೆ ಅಂಟಿಕೊಂಡ ಥರ್ಮೋಸ್ಟಾಟ್, ತಿರುಗದ ಫ್ಯಾನು, ಮೆತ್ತಗಾದ ಹೋಸ್ ಪೈಪು, ಸೋರುವ ವಾಟರ್ ಪಂಪು ಇವುಗಳಲ್ಲಿ ಯಾವುದಾದರೂ ಒಂದು ಅದೇ ಲಕ್ಷಣವನ್ನು ತೋರಿಸೀತು; ಮತ್ತು ಇವುಗಳಲ್ಲಿ ಹೆಚ್ಚಿನವು ಸಾಮಾನ್ಯವಾಗಿ ರೇಡಿಯೇಟರಿಗಿಂತ ಅಗ್ಗವಾದ ವಸ್ತುಗಳು. ತಣ್ಣಗಿರುವ ಎಂಜಿನ್ನಿನ ಮುಚ್ಚಳ ತೆಗೆದು ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಅಥವಾ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ, ದೋಷವು ಹೆಡ್ ಗ್ಯಾಸ್ಕೆಟ್ಟಿನಲ್ಲಿದೆಯೆಂದು ಶಂಕಿಸಬೇಕು. ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವ ಪದ್ಧತಿ ನಮ್ಮ ಡ್ರೈವರುಗಳಲ್ಲಿ ಹಳೆಯದು. ಅರಿಶಿನ ಬೆಳೆಯುವ ಈ ಸೀಮೆಯಲ್ಲಂತೂ ಅದು ಕೈಗೆಟಕುವ ಮದ್ದು. ಅದು ಸಣ್ಣ ಬಿರುಕನ್ನು ತಾತ್ಕಾಲಿಕವಾಗಿ ಮುಚ್ಚುವುದೇನೋ ನಿಜ. ಆದರೆ ಸೋರುವ ರಂಧ್ರವಾವುದು, ಹರಿಯಬೇಕಾದ ನಾಳವಾವುದು ಎಂಬ ವಿವೇಕವು ಪುಡಿಗೆ ಇಲ್ಲದಿರುವುದರಿಂದ, ಊರು ಮುಟ್ಟಿದ ಮೇಲೆ ಅದನ್ನು ತೊಳೆದು ತೆಗೆಯದವನು ಒಂದು ರೋಗವನ್ನು ಕೊಟ್ಟು ಮತ್ತೊಂದನ್ನು ಕೊಂಡಂತಾಗುತ್ತದೆ.

ರೇಡಿಯೇಟರನ್ನೇ ಬದಲಿಸಬೇಕೆಂದು ಖಚಿತವಾದ ಮೇಲೆ ಆಯ್ಕೆಯ ಪ್ರಶ್ನೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಲ್ಲ ಕುಶಲಕರ್ಮಿಯು ಬಿಚ್ಚಿ, ಸಲಾಕೆ ಆಡಿಸಿ, ಬೆಸುಗೆ ಹಾಕಿ ಮತ್ತೆ ಮತ್ತೆ ಬದುಕಿಸಬಲ್ಲವನಾಗಿದ್ದನು. ಇಂದಿನ ಕಾರುಗಳಲ್ಲಿರುವುದು ಅಲ್ಯುಮಿನಿಯಮ್ಮಿನ ತಿರುಳಿಗೆ ಪ್ಲಾಸ್ಟಿಕ್ಕಿನ ಟ್ಯಾಂಕನ್ನು ರಬ್ಬರಿನ ಪಟ್ಟಿಯಿಟ್ಟು ಮಡಚಿ ಕೂಡಿಸಿದ ರಚನೆ. ಟ್ಯಾಂಕು ಬಿರಿದರೆ ಅಂಟುಗಳಿಂದ ಕೆಲವು ದಿನ ನೂಕಬಹುದೇ ವಿನಾ ಶಾಶ್ವತ ಪರಿಹಾರವಿಲ್ಲ. ಉಷ್ಣವಾಹಕತೆಯಲ್ಲಿ ತಾಮ್ರವೇ ಶ್ರೇಷ್ಠವಾದರೂ, ಅಲ್ಯುಮಿನಿಯಮ್ಮಿನ ನಾಳಗಳನ್ನು ಹೆಚ್ಚು ಅಗಲವಾಗಿ ಮಾಡಲು ಸಾಧ್ಯವಿರುವುದರಿಂದಲೂ ಅದರ ಭಾರವು ಕಡಿಮೆಯಾದುದರಿಂದಲೂ ಒಟ್ಟು ಸಾಮರ್ಥ್ಯದಲ್ಲಿ ಅದು ಹಿಂದೆ ಬೀಳುವುದಿಲ್ಲ. ಆದ್ದರಿಂದ ಕಾರಿಗೆ ಕಂಪನಿಯು ಯಾವ ಬಗೆಯದನ್ನು ಕೊಟ್ಟಿತ್ತೋ ಅದೇ ಬಗೆಯದನ್ನು ಹುಡುಕುವುದು ಕ್ಷೇಮ.

ಅಂಗಡಿಯಲ್ಲಿ ಗಾಡಿಯ ಹೆಸರನ್ನಷ್ಟೇ ಹೇಳಿದರೆ ಸಾಲದು. ಪೆಟ್ರೋಲೋ ಡೀಸೆಲ್ಲೋ, ಎಸಿ ಉಂಟೋ ಇಲ್ಲವೋ, ಗೇರು ಕೈಯಿಂದ ಹಾಕುವುದೋ ಆಟೊಮ್ಯಾಟಿಕ್ಕೋ ಎಂಬುದರ ಮೇಲೆ ಒಂದೇ ಹೆಸರಿನ ಗಾಡಿಗೆ ಭಿನ್ನ ಭಿನ್ನ ರೇಡಿಯೇಟರುಗಳಿರುವುದುಂಟು. ಆಟೊಮ್ಯಾಟಿಕ್ ಗಾಡಿಗಳಲ್ಲಿ ಹಲವಕ್ಕೆ ಗೇರ್‌ಬಾಕ್ಸಿನ ಆಯಿಲನ್ನು ತಣಿಸುವ ಕೊಳವೆಯು ರೇಡಿಯೇಟರಿನ ಟ್ಯಾಂಕಿನೊಳಗೇ ಇರುತ್ತದೆ. ಚಾಸಿ ನಂಬರನ್ನೂ ಹಳೆಯ ರೇಡಿಯೇಟರಿನ ಮೇಲಿನ ಪಾರ್ಟ್ ನಂಬರನ್ನೂ ಬರೆದೊಯ್ದು, ಸಾಧ್ಯವಾದರೆ ಹಳೆಯದನ್ನೇ ಪಕ್ಕದಲ್ಲಿಟ್ಟು, ತಿರುಳಿನ ಎತ್ತರ, ಅಗಲ, ದಪ್ಪ, ಪೈಪಿನ ಬಾಯಿಗಳ ವ್ಯಾಸ ಮತ್ತು ದಿಕ್ಕು, ಫ್ಯಾನು ಕೂರುವ ತೂತುಗಳು ಇವನ್ನೆಲ್ಲ ತಾಳೆ ನೋಡಬೇಕು. ಬಾಹ್ಯಾಕಾರದಲ್ಲಿ ಸಮಾನವಾಗಿದ್ದು ತಿರುಳಿನಲ್ಲಿ ತೆಳ್ಳಗಿರುವ, ರೆಕ್ಕೆಗಳು ವಿರಳವಾಗಿರುವ ಅಗ್ಗದ ಮಾಲು ಚಳಿಗಾಲದಲ್ಲಿ ನಿರ್ವಿಘ್ನವಾಗಿ ನಡೆದು, ಏಪ್ರಿಲ್ ತಿಂಗಳ ಮಧ್ಯಾಹ್ನ ಎಸಿ ಹಾಕಿಕೊಂಡು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಲುಕಿದ ದಿನ ತನ್ನ ನಿಜಸ್ವರೂಪವನ್ನು ತೋರಿಸುತ್ತದೆ. ಗುಜರಿಯ ಹಳೆಯ ರೇಡಿಯೇಟರನ್ನು ಕೊಳ್ಳುವವನು ಅದರೊಳಗೆ ಹಿಂದೆ ಯಾವ ನೀರು ಹರಿದಿತ್ತೆಂಬುದನ್ನು ಅರಿಯಲಾರನು. ಆದುದರಿಂದ ಅದು ಲಾಭದ ವ್ಯಾಪಾರವಲ್ಲ.

ಈಗ ನೀರಿನ ವಿಚಾರ. ಬೋರಿಂಗಿನ ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವು ಬಿಸಿಯಾದ ಲೋಹವನ್ನು ಮುಟ್ಟಿದೊಡನೆ ಬಿಳಿಯ ಪೊರೆಯಾಗಿ ಅಂಟಿಕೊಂಡು, ಉಷ್ಣವು ಲೋಹದಿಂದ ದ್ರವಕ್ಕೆ ದಾಟದಂತೆ ತಡೆಯುತ್ತದೆ. ಸವಳು ನೀರಿನಲ್ಲಿರುವ ಕ್ಲೋರೈಡು ಅಲ್ಯುಮಿನಿಯಮ್ಮನ್ನು ಸೂಜಿಮೊನೆಯಷ್ಟು ತೂತುಗಳಾಗಿ ಕೊರೆಯುತ್ತದೆ. ಹಿಮ ಬೀಳದ ನಾಡಿನಲ್ಲಿ ಕೂಲಂಟಿನ ಖರ್ಚೇಕೆಂದು ಕೇಳುವವರಿಗೆ ಇದೇ ಉತ್ತರ. ಎಥಿಲೀನ್ ಗ್ಲೈಕಾಲ್ ಮತ್ತು ನೀರಿನ ಸಮಪಾಲಿನ ಮಿಶ್ರಣವು ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲವೆಂಬ ಗುಣವು ನಮಗೆ ನಿರುಪಯೋಗಿಯೇ ಸರಿ. ಆದರೆ ಅದು ಕುದಿಯುವ ಬಿಂದುವನ್ನು ಏರಿಸುತ್ತದೆ, ಮತ್ತು ಅದರೊಳಗೆ ಬೆರೆಸಿರುವ ತುಕ್ಕುನಿವಾರಕಗಳು ಲೋಹವನ್ನು ಕಾಯುತ್ತವೆ. ಹಾಗೆಂದು ಗ್ಲೈಕಾಲ್ ಹೆಚ್ಚಿದಷ್ಟೂ ಒಳ್ಳೆಯದೆಂಬ ಎಣಿಕೆಯೂ ತಪ್ಪು. ಉಷ್ಣವನ್ನು ಹೊರುವ ಶಕ್ತಿ ಅದಕ್ಕಿಂತ ನೀರಿಗೇ ಅಧಿಕ. ಸಾಂದ್ರ ಕೂಲಂಟನ್ನು ಕೊಂಡವರು ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು. ಮೊದಲೇ ಬೆರೆಸಿ ಸಿದ್ಧಪಡಿಸಿದ ಕೂಲಂಟಿಗೆ ಮತ್ತೆ ನೀರು ಸೇರಿಸಬಾರದು.

ಹಸಿರು, ಕೆಂಪು, ಗುಲಾಬಿ, ನೀಲಿ ಎಂಬ ಬಣ್ಣಗಳು ತಯಾರಕರ ಇಚ್ಛೆಯವು. ಅವುಗಳನ್ನು ನೋಡಿ ಜಾತಿಯನ್ನು ನಿರ್ಣಯಿಸಲಾಗದು. ಸಿಲಿಕೇಟು, ಫಾಸ್ಫೇಟುಗಳಂಥ ಲವಣಗಳಿಂದ ರಕ್ಷಿಸುವ ಹಳೆಯ ಬಗೆಯನ್ನು ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಸಾವಯವ ಆಮ್ಲಗಳನ್ನು ಆಶ್ರಯಿಸಿದ ಹೊಸ ಬಗೆಯು ಸಾಮಾನ್ಯವಾಗಿ ಐದು ವರ್ಷ ಬಾಳುತ್ತದೆ. ಇವೆರಡರ ಗುಣಗಳನ್ನು ಕೂಡಿಸಿದ ಮಿಶ್ರ ಬಗೆಯೂ ಉಂಟು. ಗಡಸು ನೀರಿನಲ್ಲಿ ಫಾಸ್ಫೇಟು ಗಸಿ ಕಟ್ಟುವುದೆಂದು ಯುರೋಪಿನ ತಯಾರಕರು ಅದನ್ನು ದೂರವಿಟ್ಟರೆ, ಜಪಾನಿನವರು ಸಿಲಿಕೇಟನ್ನು ತ್ಯಜಿಸಿ ಫಾಸ್ಫೇಟನ್ನೇ ಉಳಿಸಿಕೊಂಡಿದ್ದಾರೆ. ಆದ್ದರಿಂದ ಗಾಡಿಯ ಕೈಪಿಡಿಯಲ್ಲಿ ನಮೂದಿಸಿದ ಬಗೆಯೇ ಪ್ರಮಾಣ. ಡಬ್ಬದ ಮೇಲೆ ಐಎಸ್ 5759, ಜೆಐಎಸ್ ಕೆ 2234, ಎಎಸ್‌ಟಿಎಂ ಡಿ 3306 ಮೊದಲಾದ ಮಾನಕಗಳಲ್ಲಿ ತಕ್ಕುದು ಇದೆಯೇ ಎಂದು ಓದಿ ನೋಡಬೇಕು. ಬೇರೆ ಬೇರೆ ಬಗೆಗಳನ್ನು ಕಲಸಿದರೆ ರಕ್ಷಣೆ ಕುಗ್ಗುವುದಲ್ಲದೆ, ಕೆಲವೊಮ್ಮೆ ಲೋಳೆಯೂ ಕಟ್ಟೀತು.

ಹೊಸ ರೇಡಿಯೇಟರ್ ಕೂರಿಸುವ ಮುನ್ನ ಎಂಜಿನ್ನಿನ ಒಳದಾರಿಗಳನ್ನು ತೊಳೆಯದಿದ್ದರೆ ಹಳೆಯ ತುಕ್ಕೆಲ್ಲ ಹೊಸ ನಾಳಗಳಿಗೆ ಬಂದು ಸೇರುತ್ತದೆ. ಮುಚ್ಚಳವನ್ನೂ ಬಿರುಕುಬಿಟ್ಟ ಹೋಸುಗಳನ್ನೂ ಆಗಲೇ ಬದಲಿಸುವುದು ಲೇಸು. ಕೂಲಂಟನ್ನು ನಿಧಾನವಾಗಿ ಸುರಿದು, ಹೀಟರನ್ನು ಬಿಸಿಗಿಟ್ಟು, ಥರ್ಮೋಸ್ಟಾಟ್ ತೆರೆಯುವವರೆಗೆ ಎಂಜಿನ್ನನ್ನು ನಡೆಸಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಕೈಪಿಡಿಯ ಕ್ರಮದಂತೆ ಹೊರಡಿಸಬೇಕು. ತೆಗೆದ ಹಳೆಯ ದ್ರವವನ್ನು ಗಟಾರಕ್ಕೋ ಹೊಲದ ಬದುವಿಗೋ ಚೆಲ್ಲುವುದು ಅಪರಾಧವೆಂದೇ ಭಾವಿಸಬೇಕು. ಅದರ ರುಚಿ ಸಿಹಿ, ಪರಿಣಾಮ ವಿಷ. ನಾಯಿಗಳೂ ದನಕರುಗಳೂ ನೆಕ್ಕಿದರೆ ಮೂತ್ರಪಿಂಡಗಳು ಕೆಟ್ಟು ಸಾಯುವುವು. ಕೊನೆಯದಾಗಿ, ಹಾಕಿದ ಕೂಲಂಟಿನ ಬಗೆ, ಬೆರೆಸಿದ ಪ್ರಮಾಣ, ತಾರೀಖು ಇವನ್ನು ಬಾನೆಟ್ಟಿನ ಒಳಬದಿಗೆ ಬರೆದು ಅಂಟಿಸುವುದು ಉಚಿತ. ಏಕೆಂದರೆ ಒಳ್ಳೆಯ ರೇಡಿಯೇಟರುಗಳು ಬಹುಮಟ್ಟಿಗೆ ಹಾಳಾಗುವುದು, ಮುಂದೊಂದು ದಿನ ಮಟ್ಟ ಇಳಿದುದನ್ನು ಕಂಡು, ಒಳಗಿರುವುದು ಏನೆಂದು ತಿಳಿಯದೆ, ಹತ್ತಿರದ ನಳದಿಂದ ಒಂದು ತಂಬಿಗೆ ನೀರು ಹೊಯ್ಯುವ ಉಪಕಾರಿಯ ಕೈಯಿಂದಲೇ.