ಅಳಿಸಿದ ಕಡತ ಎಲ್ಲಿ ಹೋಗುತ್ತದೆ?

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆಯಿದೆ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದರ ಮೇಲಣ ಬ್ರಾಹ್ಮೀ ಅಕ್ಷರಗಳು ಬಿದ್ದುವು. ಅಶೋಕನ ಶಾಸನಗಳಲ್ಲಿ ಆತನ ಹೆಸರನ್ನೇ ಹೇಳುವಂಥದು ಮೊದಲು ದೊರೆತುದು ಇಲ್ಲಿಯೇ. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಮಳೆಬಿಸಿಲುಗಳಿಂದ ಹಲವು ಅಕ್ಷರಗಳು ಸವೆದರೂ ಆ ಹೆಸರು ಉಳಿಯಿತು. ಗಣಕಯಂತ್ರದೊಳಗಿನ ಬರಹವನ್ನು ಅಳಿಸಲಾದರೋ ಒಂದು ಕೀಲಿಯನ್ನೊತ್ತಿದರೆ ಸಾಕೆಂದು ತೋರುತ್ತದೆ. ಈ ತೋರಿಕೆ ಎಷ್ಟು ನಿಜ?

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯುವ ಗದ್ದೆಗಳನ್ನು ನೆನೆಯಿರಿ. ಯಾವ ಗದ್ದೆ ಯಾರದೆಂಬುದು ಪಹಣಿಯಲ್ಲಿದೆ. ಪಹಣಿಯಿಂದ ಹೆಸರನ್ನು ತೆಗೆದ ಮಾತ್ರಕ್ಕೆ ನಿಂತ ಪೈರು ಮಾಯವಾಗುವುದಿಲ್ಲ. ಹೊಸಬನು ಉತ್ತಾಗಲೇ ಹಳೆಯದು ಹೋಗುವುದು. ಹಾರ್ಡ್ ಡಿಸ್ಕಿನ ಕಾಂತೀಯ ತಟ್ಟೆಯಲ್ಲಿಯೂ ಹೀಗೆಯೇ. ಅಳಿಸಿದ ಕಡತವು ಸಾಮಾನ್ಯವಾಗಿ ಮೊದಲು ‘ರೀಸೈಕಲ್ ಬಿನ್’ ಎಂಬ ಬುಟ್ಟಿಗೆ ಸರಿಯುತ್ತದೆ; ಅಲ್ಲಿರುವ ತನಕ ಜಾಗ ತೆರವಾಗದು. ಬುಟ್ಟಿಯನ್ನು ಬರಿದುಮಾಡಿದಾಗಲೂ ‘ಈ ಜಾಗ ಖಾಲಿ’ ಎಂದು ಸೂಚಿಯಲ್ಲಿ ದಾಖಲಾಗುವುದಷ್ಟೆ. ಕಾಂತೀಯ ಗುರುತುಗಳು, ಅವುಗಳ ಮೇಲೆ ಬೇರೆ ಬರಹ ಬೀಳುವವರೆಗೆ, ಇದ್ದಲ್ಲಿಯೇ ಇರುತ್ತವೆ. ಆದುದರಿಂದಲೇ, ತಪ್ಪಿ ಅಳಿಸಿದ ಪ್ರಬಂಧವನ್ನು ಮರಳಿ ಪಡೆಯಬೇಕಾದವರು ಆ ಡಿಸ್ಕಿನಲ್ಲಿ ಹೊಸದೇನನ್ನೂ ಬರೆಯದೆ ಯಂತ್ರವನ್ನು ಒಡನೆಯೇ ನಿಲ್ಲಿಸತಕ್ಕದ್ದು. ಹಳೆಯ ಗಣಕವನ್ನು ಮಾರುವವರು ಬುಟ್ಟಿ ಬರಿದಾಯಿತೆಂದು ನಿಶ್ಚಿಂತರಾಗಲಾಗದೆಂಬುದೂ ಇದರಿಂದಲೇ ವಿಶದವಾಗುತ್ತದೆ. ಬ್ಯಾಂಕಿನ ಪುಸ್ತಕದ ಚಿತ್ರ, ಆಧಾರ್ ಕಾರ್ಡಿನ ಪ್ರತಿ ಕೊಂಡವರ ಕೈಸೇರಬಹುದು. ಮಾರುವ ಮುನ್ನ ಡಿಸ್ಕಿನ ಉದ್ದಗಲಕ್ಕೂ ಸೊನ್ನೆಗಳನ್ನು ಬರೆಯಿಸಬೇಕು.

ಈಚೆಗೆ ಬಳಕೆಗೆ ಬಂದ ಎಸ್‌ಎಸ್‌ಡಿಯ ರೀತಿ ಬೇರೆ. ಅದರಲ್ಲಿ ತಟ್ಟೆಯಿಲ್ಲ, ಸೂಕ್ಷ್ಮ ಕೋಶಗಳಲ್ಲಿ ಸೆರೆಯಾದ ಎಲೆಕ್ಟ್ರಾನುಗಳೇ ಬರಹ. ಯಾವ ಭಾಗ ಬೇಡವಾಯಿತೆಂದು ‘ಟ್ರಿಮ್’ ಎಂಬ ಆಜ್ಞೆ ತಿಳಿಸಿತೆಂದರೆ, ಅದು ಬಿಡುವಾದಾಗ ಕೋಶಗಳನ್ನು ಗುಂಪುಗುಂಪಾಗಿ ತಾನೇ ಬರಿದುಮಾಡಿಕೊಳ್ಳುತ್ತದೆ. ಇಲ್ಲಿ ಕಳೆದುದು ಮರಳುವ ಆಸೆ ಅಲ್ಪ.

ಇನ್ನು ಯಾವುದನ್ನು ಅಳಿಸಬೇಕು? ಮಸ್ಕಿಯ ‘ಅಸೋಕಸ’ ಎಂಬ ಪದವನ್ನು ಇಂದಿನ ಯೂನಿಕೋಡ್ ಕ್ರಮದಲ್ಲಿ ಕನ್ನಡದಲ್ಲಿ ಬರೆದರೆ ಅದಕ್ಕೆ 15 ಬೈಟುಗಳು ಸಾಕು. ನಾಲ್ಕು ಮೆಗಾಬೈಟಿನ ಒಂದು ಛಾಯಾಚಿತ್ರದ ಜಾಗದಲ್ಲಿ ಅದನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಬಾರಿ ಬರೆಯಬಹುದು! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಟನ್ನುಗಟ್ಟಲೆ ಕಲ್ಲನ್ನರೆದು ಕೆಲವೇ ಗ್ರಾಂ ಚಿನ್ನ ತೆಗೆಯುತ್ತಾರೆ. ಜಾಗಕ್ಕಾಗಿ ಟಿಪ್ಪಣಿಗಳನ್ನು ಅಳಿಸಿ ಚಲನಚಿತ್ರಗಳನ್ನು ಉಳಿಸಿಕೊಳ್ಳುವವರು ಚಿನ್ನವನ್ನೆಸೆದು ಕಲ್ಲನ್ನು ಹೊತ್ತವರು. ಒಂದೇ ಚಿತ್ರದ ಮೂರು ಪ್ರತಿಗಳನ್ನು ನಾನು ಹಲವರ ಯಂತ್ರಗಳಲ್ಲಿ ಕಂಡಿದ್ದೇನೆ.

‘ವಿಂಡೋಸ್’ ಎಂಬ ಹೆಸರಿನ ಕೋಶದೊಳಗಿನವನ್ನು ಕೈಯಾರೆ ಅಳಿಸಿದರೆ ಯಂತ್ರವೇ ಏಳದಿರಬಹುದು. ಬೇಡವಾದ ತಂತ್ರಾಂಶವನ್ನು ‘ಸೆಟ್ಟಿಂಗ್ಸ್’ ಮೂಲಕವೇ ತೆಗೆಯಬೇಕು. ಅಲ್ಲಿಯೇ ‘ಸ್ಟೋರೇಜ್’ ಎಂಬಲ್ಲಿ ತಾತ್ಕಾಲಿಕ ಕಡತಗಳ ಪಟ್ಟಿಯೂ ದೊರೆಯುತ್ತದೆ. ಅವನ್ನು ಬಹುಮಟ್ಟಿಗೆ ನಿರ್ಭಯವಾಗಿ ಅಳಿಸಬಹುದು. ಆದರೆ ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬುದೂ ಸೇರಿರುತ್ತದೆ. ಅದಕ್ಕೆ ಗುರುತು ಹಾಕುವ ಮುನ್ನ ಒಮ್ಮೆ ತೆರೆದು ನೋಡಿರಿ. ಪರೀಕ್ಷೆಯ ಪ್ರವೇಶಪತ್ರವೂ ಅಂಕಪಟ್ಟಿಯೂ ಇರುವುದು ಬಹಳಮಟ್ಟಿಗೆ ಅಲ್ಲಿಯೇ.